ಹಿಂದಿನ ಬೆಂಚಿನ ದನಿ

ನಮ್ಮ ಚರ್ಚಿನ ಕ್ವೈರ್‌ನಲ್ಲಿ ಆಲ್ಟೊ ಹಾಡುತ್ತಿದ್ದವರು ಇಬ್ಬರೇ. ಒಬ್ಬರು ಸಂಡೇ ಸ್ಕೂಲ್ ಟೀಚರ್, ಇನ್ನೊಬ್ಬಳು ನಾನು. ಟೀಚರ್‌ಗೆ ಮಂಡಿನೋವು ಹೆಚ್ಚಾಗಿ ಮೆಟ್ಟಿಲು ಹತ್ತುವುದು ಕಷ್ಟವಾದ ಮೇಲೆ ನಾನೊಬ್ಬಳೇ ಉಳಿದೆ. ಎಂಟು ಜನ ಸೊಪ್ರಾನೊ ಹುಡುಗಿಯರ ಪಕ್ಕದಲ್ಲಿ ಒಬ್ಬಳೇ ಆಲ್ಟೊ ಹಾಡುವುದೆಂದರೆ ಸಂತೆಯಲ್ಲಿ ಪಿಸುಗುಟ್ಟಿದಂತೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ ನನಗೇ ಗೊತ್ತಿಲ್ಲದಂತೆ ಅವರ ದಾಟಿಗೆ ಜಾರಿಬಿಡುತ್ತಿದ್ದೆ.

ಕಳೆದ ವರ್ಷ ಜೂನ್ ತಿಂಗಳ ಒಂದು ಭಾನುವಾರ ಹಾಗೆ ಜಾರುವ ಹೊತ್ತಿಗೆ ಸರಿಯಾಗಿ ಯಾರೋ ನನ್ನ ಕೈ ಹಿಡಿದಂತಾಯಿತು. ಹಿಂದಿನ ಬೆಂಚುಗಳ ಕಡೆಯಿಂದ ಒಂದು ದನಿ ಆಲ್ಟೊ ಹಾಡುತ್ತಿತ್ತು. ಮಾತುಗಳು ಕನ್ನಡದ್ದಲ್ಲ, ಆದರೆ ಸ್ವರ ಒಂದೂ ತಪ್ಪುತ್ತಿರಲಿಲ್ಲ. ಆ ದನಿಯ ಆಸರೆ ಹಿಡಿದು ನಾನೂ ಕೊನೆಯವರೆಗೆ ಹಾಡಿದೆ. ಆರಾಧನೆ ಮುಗಿದ ಮೇಲೆ ತಿರುಗಿ ನೋಡಿದರೆ ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಯಾವಾಗಲೂ ಕೂರುವ ಈಶಾನ್ಯ ರಾಜ್ಯದ ಹುಡುಗಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು.

‘ಯಾವಾಗಲೂ ಕೂರುವ’ ಎಂದು ಬರೆದೆನಲ್ಲ, ಅದನ್ನು ಬರೆಯುವಾಗಲೇ ನಾಚಿಕೆಯಾಗುತ್ತಿದೆ. ಅವಳು ಒಂದು ವರ್ಷದಿಂದ ಬರುತ್ತಿದ್ದಳು. ನಾನು ಒಮ್ಮೆಯೂ ಹೆಸರು ಕೇಳಿರಲಿಲ್ಲ. ನಾನೊಬ್ಬಳೇ ಅಲ್ಲ, ನಮ್ಮ ಸಭೆಯಲ್ಲಿ ಯಾರೂ ಕೇಳಿರಲಿಲ್ಲ. ಅದಕ್ಕೂ ಹಿಂದಿನ ಕ್ರಿಸ್‌ಮಸ್‌ಗೆ ಮಾತ್ರ ನಮ್ಮ ಯೌವನಸ್ಥರ ಸಂಘದವರು ಅವಳನ್ನೂ ಅವಳ ಇಬ್ಬರು ಗೆಳತಿಯರನ್ನೂ ಹಿಡಿದು, ‘ನಿಮ್ಮ ಕಡೆಯ ಡ್ರೆಸ್ ಹಾಕಿಕೊಂಡು ಬಂದು ಒಂದು ಐಟಂ ಮಾಡಿ’ ಎಂದು ಕೇಳಿದ್ದೆವು. ಅವರು ಬಂದು ಹಾಡಿದರು. ನಾವು ಚಪ್ಪಾಳೆ ಹೊಡೆದೆವು, ಫೋಟೊ ತೆಗೆದೆವು. ಮುಂದಿನ ಭಾನುವಾರ ಅವರು ಮತ್ತೆ ಹಿಂದಿನ ಬೆಂಚಿಗೆ ಹೋದರು, ನಾವು ಮುಂದಿನ ಬೆಂಚಿಗೆ. ಬೇರೆ ಬೇರೆ ಸಂಸ್ಕೃತಿಯವರು ಒಂದಾದೆವು ಎಂದು ವಾಟ್ಸ್ಆ್ಯಪ್ ಸ್ಟೇಟಸ್ ಹಾಕಿದವರಲ್ಲಿ ನಾನೂ ಒಬ್ಬಳು.

ಆ ದಿನ ಓಡಿಹೋಗಿ ಕೇಳಿದೆ. ಮಿಜೋರಾಂನವಳು, ಬೆಂಗಳೂರಿನಲ್ಲಿ ನರ್ಸಿಂಗ್ ಎರಡನೇ ವರ್ಷ. ನಮ್ಮ ಗೀತೆಯ ರಾಗ ಅವಳಿಗೆ ಚಿಕ್ಕಂದಿನಿಂದ ಗೊತ್ತು. ವೇಲ್ಸ್‌ನ ಮಿಷನರಿಗಳು ಅವರ ಬೆಟ್ಟಗಳಿಗೆ ಒಯ್ದ ರಾಗಗಳಲ್ಲಿ ಅದೂ ಒಂದು. ನಮ್ಮಲ್ಲಿಗೆ ಅದೇ ರಾಗ ಬೇರೆ ಮಿಷನರಿಗಳ ಜೊತೆ ಬಂದಿತ್ತು. ‘ಶನಿವಾರ ಪ್ರಾಕ್ಟೀಸ್‌ಗೆ ಬರ್ತೀಯಾ?’ ಎಂದೆ. ‘ಹಾಸ್ಟೆಲ್‌ನಲ್ಲಿ ಏಳು ಗಂಟೆಯೊಳಗೆ ಬಿಟ್ಟರೆ ಬರ್ತೀನಿ ಅಕ್ಕ’ ಎಂದಳು, ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಹಿಂದಿಯಲ್ಲಿ. ‘ಅಕ್ಕ’ ಮಾತ್ರ ಕನ್ನಡ.

ಅವಳ ‘ಮ’, ನನ್ನ ‘ಮ’

ಅವಳಿಗೆ ಕನ್ನಡ ಓದಲು ಬರದು. ನನಗೆ ಪಾಶ್ಚಾತ್ಯ ಸ್ಟಾಫ್ ನೊಟೇಶನ್ ಸರಿಯಾಗಿ ಓದಲು ಬರದು. ಮೊದಲ ಶನಿವಾರ ಅವಳು ತನ್ನ ಫೋನಿನಲ್ಲಿ ಒಂದು ಪುಟ ತೋರಿಸಿದಳು. ಮಿಜೋ ಸಭೆಗಳ ಗೀತೆ ಪುಸ್ತಕ, ‘ಕ್ರಿಸ್ಟಿಯನ್ ಹ್ಲಾ ಬು’. ಅದರಲ್ಲಿ ಗೆರೆ, ಚುಕ್ಕಿಗಳ ನೊಟೇಶನ್ ಇಲ್ಲ. ಡೊ, ರೆ, ಮಿ, ಫಾ, ಸೊ, ಲಾ, ಟಿ ಎಂಬ ಏಳು ಸ್ವರಗಳ ಮೊದಲ ಅಕ್ಷರಗಳು ಮಾತ್ರ, ನಡುವೆ ತಾಳಕ್ಕೆ ಚಿಹ್ನೆಗಳು. ಇದಕ್ಕೆ ಟಾನಿಕ್ ಸೋಲ್-ಫಾ ಎನ್ನುತ್ತಾರೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಸಾರಾ ಗ್ಲೋವರ್ ಎಂಬ ಶಿಕ್ಷಕಿ ರೂಪಿಸಿದ ಪದ್ಧತಿಯನ್ನು ಜಾನ್ ಕರ್ವೆನ್ ಎಂಬ ಪಾದ್ರಿ ಬೆಳೆಸಿದರು. ದುಬಾರಿ ವಾದ್ಯ ಕೊಳ್ಳಲಾಗದ, ಸಂಗೀತ ಶಾಲೆಗೆ ಹೋಗಲಾಗದ ಸಾಮಾನ್ಯ ಜನರೂ ನಾಲ್ಕು ದನಿಗಳಲ್ಲಿ ಹಾಡಲಿ ಎಂಬುದು ಅದರ ಉದ್ದೇಶ. ವೇಲ್ಸ್‌ನ ಹಳ್ಳಿಗಳಲ್ಲಿ ಅದು ಮನೆಮಾತಾಯಿತು. ಅಲ್ಲಿಂದ ಮಿಜೋ ಬೆಟ್ಟಗಳಿಗೆ ಹೋಯಿತು.

ಅವಳು ವಿವರಿಸುತ್ತಾ ಹೋದಂತೆ ನನಗೆ ಇದು ಎಲ್ಲೋ ಕೇಳಿದ ಮಾತು ಅನಿಸತೊಡಗಿತು. ‘ಡೊ’ ಎಂದರೆ ಇಂಥದ್ದೇ ಮನೆ ಎಂದಿಲ್ಲ. ಹಾಡುವವರ ಕಂಠಕ್ಕೆ ತಕ್ಕಂತೆ ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು. ಉಳಿದ ಆರು ಸ್ವರಗಳು ಅದಕ್ಕೆ ಹೊಂದಿಕೊಂಡು ಕೂರುತ್ತವೆ. ಅರೆ, ಇದು ನಮ್ಮ ಷಡ್ಜವೇ ಅಲ್ಲವೇ? ಮೂರು ವರ್ಷ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗಿ, ಎಸ್ಸೆಸ್ಸೆಲ್ಸಿ ಬಂತೆಂದು ಬಿಟ್ಟವಳು ನಾನು. ಶ್ರುತಿ ಇಟ್ಟುಕೊಂಡು ‘ಸ’ ಹಿಡಿಯುವುದು, ಸರಳೆ ವರಸೆ, ಎಲ್ಲ ನೆನಪಾಯಿತು. ಅವಳ ಡೊ ರೆ ಮಿ ಫಾ ಸೊ ಲಾ ಟಿ, ನಮ್ಮ ಶಂಕರಾಭರಣದ ಸ ರಿ ಗ ಮ ಪ ಧ ನಿ.

ಆದರೆ ಅಕ್ಷರಗಳು ನಮ್ಮಿಬ್ಬರನ್ನೂ ಚೆನ್ನಾಗಿ ಆಟವಾಡಿಸಿದವು. ಅವಳು ‘ಮ್’ ಎಂದು ತೋರಿಸಿದರೆ ಅದು ಮಿ, ಅಂದರೆ ನಮ್ಮ ಗ. ನಾನು ‘ಮ’ ಎಂದುಕೊಂಡು ಒಂದು ಅರ್ಧ ಸ್ವರ ಮೇಲೆ ಹಾಡಿಬಿಡುತ್ತಿದ್ದೆ. ಅವಳ ‘ಸ್’ ಎಂದರೆ ಸೊ, ಅದು ನಮ್ಮ ಪ. ನಾನು ಕೆಳಗಿನ ಷಡ್ಜಕ್ಕೆ ಇಳಿಯುತ್ತಿದ್ದೆ. ಬಾಸ್ ಹಾಡುವ ಹುಡುಗರು, ‘ನೀವಿಬ್ಬರು ಆಲ್ಟೊನೋ ಜಗಳಾನೋ?’ ಎಂದು ಕೇಳುತ್ತಿದ್ದರು. ಕೊನೆಗೆ ಒಂದು ನೋಟ್‌ಬುಕ್ ತೆಗೆದು ಅಕ್ಕಪಕ್ಕ ಎರಡು ಕಾಲಂ ಹಾಕಿದೆವು. ಎಡಕ್ಕೆ ಅವಳದು, ಬಲಕ್ಕೆ ನನ್ನದು. ನಮ್ಮ ಸ್ನೇಹಕ್ಕೆ ಹುಟ್ಟಿದ ತಾರೀಖು ಅಂತ ಇದ್ದರೆ ಆ ಪುಟವೇ.

ಮಾತಿನ ತೊಡಕು ಇನ್ನೊಂದು ಬಗೆಯದು. ಅವಳು ಕನ್ನಡದ ಸಾಲುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತಿದ್ದಳು. ‘ದೇವರ ಕುರಿಮರಿ’ ಎನ್ನುವಲ್ಲಿ ರಾಗ ಎಳೆಯುತ್ತದೆ ಎಂದು ‘ಮ’ವನ್ನು ಚೆನ್ನಾಗಿ ಎಳೆದಳು. ‘ದೇವರ ಕುರಿ ಮಾರಿ’ ಎಂದಾಯಿತು. ಇಡೀ ಕ್ವೈರ್ ನಕ್ಕಿತು. ಅವಳು ಮುಖ ಸಣ್ಣದು ಮಾಡಿಕೊಂಡಳು. ಆಗ ನಮ್ಮ ಅಯ್ಯನವರು ಒಳ್ಳೆಯ ಮಾತು ಹೇಳಿದರು: ‘ನಗಬೇಡಿ, ಅವಳ ತಪ್ಪಲ್ಲ. ಪರದೇಶದ ರಾಗಕ್ಕೆ ಕನ್ನಡ ಕೂರಿಸಿದಾಗಿನಿಂದ ನಾವೆಲ್ಲ ಕುರಿ ಮಾರುತ್ತಲೇ ಇದ್ದೇವೆ. ನಮಗೆ ಅಭ್ಯಾಸವಾಗಿ ಕೇಳಿಸುತ್ತಿಲ್ಲ, ಅಷ್ಟೆ.’

ನಿಜ. ಕನ್ನಡದಲ್ಲಿ ಹ್ರಸ್ವ ದೀರ್ಘವಾದರೆ ಅರ್ಥವೇ ಬೇರೆ. ಇಂಗ್ಲಿಷ್, ಜರ್ಮನ್ ರಾಗಗಳಿಗೆ ಅದರ ಪರಿವೆಯಿಲ್ಲ. ಅವಳು ಹೇಳಿದಳು, ಮಿಜೋ ಭಾಷೆಯಲ್ಲಿ ದನಿಯ ಏರಿಳಿತ ಬದಲಾದರೆ ಅರ್ಥ ಬದಲಾಗುತ್ತದಂತೆ. ಹಾಗಾಗಿ ಹೊರಗಿನ ರಾಗಕ್ಕೆ ಅವರ ಮಾತು ಕೂರಿಸುವಾಗಲೂ ಇಂಥದ್ದೇ ಫಜೀತಿ. ನಾವು ಎಳೆದು ಕೆಡಿಸುತ್ತೇವೆ, ಅವರು ಏರಿಸಿ ಇಳಿಸಿ ಕೆಡಿಸುತ್ತಾರೆ! ಆ ಸಂಜೆ ಅವಳು ಮೊದಲ ಬಾರಿಗೆ ಎಲ್ಲರ ಜೊತೆ ಕೂತು ಟೀ ಕುಡಿದು ಹೋದಳು.

ಅವಳು ಇಂಗ್ಲಿಷ್ ಆರಾಧನೆಗೆ ಹೋಗದೆ ಕನ್ನಡದ್ದಕ್ಕೇ ಏಕೆ ಬರುತ್ತಾಳೆ ಎಂಬುದು ತಿಳಿದದ್ದೂ ಆಗಲೇ. ವಾರ್ಡಿನಲ್ಲಿ ರೋಗಿಗಳು ಮಾತಾಡುವುದು ಕನ್ನಡ. ಕಾಲೇಜಿನಲ್ಲಿ ಕಲಿಸುವುದು ಇಂಗ್ಲಿಷಿನಲ್ಲಿ. ಹಾಗಾಗಿ ಕಿವಿಗೆ ಕನ್ನಡ ಬೀಳಲಿ ಎಂದು ಬರುತ್ತಿದ್ದಳು. ಒಂದು ದಿನ ಆಪರೇಷನ್‌ಗೆ ಮುಂಚೆ ನಡುಗುತ್ತಿದ್ದ ಒಬ್ಬ ಅಜ್ಜಿಗೆ ಸಮಾಧಾನ ಹೇಳಲು ಹೋಗಿ, ಚರ್ಚಿನಲ್ಲಿ ಕೇಳಿದ ಕನ್ನಡದಲ್ಲೇ ‘ಹೆದರಬೇಡಿರಿ’ ಎಂದಳಂತೆ. ಅದು ಬೈಬಲ್ಲಿನಲ್ಲಿ ದೇವದೂತರು ಆಡುವ ಮಾತು. ಬಿಳಿ ಬಟ್ಟೆಯವಳ ಬಾಯಲ್ಲಿ ಹಾಗೆ ಕೇಳಿದ ಅಜ್ಜಿ ಎರಡೂ ಕೈ ಎತ್ತಿ ಮುಗಿದು, ಆಮೇಲೆ ನಕ್ಕುಬಿಟ್ಟರಂತೆ. ನಾನು ‘ಹೆದರ್ಕೋಬೇಡಿ ಅಜ್ಜಿ’ ಎಂದು ಹೇಳಿಕೊಟ್ಟೆ. ‘ಎಲ್ಲಿ ನೋಯ್ತಿದೆ?’, ‘ಊಟ ಆಯ್ತಾ?’, ‘ಸ್ವಲ್ಪ ಈ ಕಡೆ ತಿರುಗಿ’ ಎಲ್ಲವೂ ಆ ನೋಟ್‌ಬುಕ್ ಸೇರಿದವು.

‘ಇರೋದೊಂದು ಕನ್ನಡ ಆರಾಧನೆ’

ಎಲ್ಲವೂ ಹೀಗೆ ಸಲೀಸಾಗಿ ನಡೆಯಿತೆಂದು ಬರೆದರೆ ಸುಳ್ಳಾಗುತ್ತದೆ. ಸೆಪ್ಟೆಂಬರ್‌ನಲ್ಲಿ, ಸುಗ್ಗಿ ಹಬ್ಬದ ಆರಾಧನೆಗೆ ಮಿಜೋ ಗೀತೆಯೊಂದನ್ನು ಎಲ್ಲರೂ ಕಲಿತು ಹಾಡೋಣ ಎಂದು ನಾನು ಸಲಹೆ ಕೊಟ್ಟಾಗ ಕ್ವೈರ್‌ನ ಒಬ್ಬ ಅಣ್ಣ ಎದ್ದು ನಿಂತರು. ‘ಬೆಂಗಳೂರಲ್ಲಿ ಕನ್ನಡ ಆರಾಧನೆಗೆ ಸಿಗೋದು ಬೆಳಗಿನ ಏಳೂವರೆ. ಜನ ಎದ್ದು ಬರೋ ಹೊತ್ತಿನದೆಲ್ಲ ಇಂಗ್ಲಿಷಿಗೆ. ಇರೋದೊಂದು ಕನ್ನಡ ಆರಾಧನೆ, ಅದರಲ್ಲೂ ಬೇರೆ ಭಾಷೆ ತರಬೇಕಾ?’

ಸಿಟ್ಟು ಬಂದಿತಾದರೂ ಅವರ ಮಾತನ್ನು ತಳ್ಳಿಹಾಕಲು ನನಗಾಗಲಿಲ್ಲ. ನಮ್ಮ ಚರ್ಚಿನ ಮಟ್ಟಿಗೆ ಅದು ನಿಜವೇ. ನಮ್ಮ ಮನೆಯ ಮಕ್ಕಳೇ ಕನ್ನಡದ ಸಂಗೀತ ಪುಸ್ತಕ ಓದಲಾರದೆ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಹುಡುಕುತ್ತಾರೆ. ಹೊರಗಿನವರನ್ನು ಪ್ರೀತಿಸುವ ಉತ್ಸಾಹದಲ್ಲಿ ಮನೆಯವರ ನೋವನ್ನು ಸಣ್ಣ ಬುದ್ಧಿ ಎಂದು ಕರೆಯುವುದು ಸುಲಭ. ಅದೂ ಒಂದು ಅನ್ಯಾಯ.

ಆ ಅಣ್ಣನ ಜೊತೆ ಮಾತಾಡುವಾಗ ಕಿಟೆಲ್ ನೆನಪಾದರು. ಎಂ.ಜಿ. ರಸ್ತೆಯ ಮೇಯೋ ಹಾಲ್ ಬಳಿ ಪ್ರತಿಮೆಯಾಗಿ ನಿಂತಿರುವ ಫರ್ಡಿನಾಂಡ್ ಕಿಟೆಲ್ ನಮಗೆಲ್ಲ ನಿಘಂಟಿನ ಕಿಟೆಲ್. ಆದರೆ ನಿಘಂಟಿಗೂ ಮೊದಲು, 1862ರಲ್ಲೇ, ಅವರು ‘ಕಥಾಮಾಲೆ’ ಎಂಬ ಪುಸ್ತಕ ಬರೆದಿದ್ದರು. ಯೇಸುವಿನ ಕಥೆಯನ್ನು ಜರ್ಮನ್ ರಾಗಗಳಿಗೆ ಹೊಂದಿಸದೆ ಕನ್ನಡದ ಛಂದಸ್ಸಿನಲ್ಲೇ ಕಟ್ಟಿದ ಕೃತಿ ಅದು. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಪ್ರಕಟಿಸಿದರು. 1894ರಲ್ಲಿ ನಿಘಂಟು ಅಚ್ಚಾಯಿತು. ನಿಘಂಟಿನ ಬಗ್ಗೆ ಹೇಳುತ್ತಿದ್ದಾಗ ನಮ್ಮ ಮಿಜೋ ತಂಗಿ ಕಣ್ಣರಳಿಸಿದಳು. ಅದೇ 1894ರ ಜನವರಿಯಲ್ಲಿ ಲೊರೇನ್ ಮತ್ತು ಸ್ಯಾವಿಡ್ಜ್ ಎಂಬ ಇಬ್ಬರು ಮಿಷನರಿಗಳು ಮಿಜೋ ಬೆಟ್ಟಕ್ಕೆ ಬಂದು, ಅಲ್ಲಿಯವರೆಗೆ ಬರಹವಿಲ್ಲದ ಅವರ ಭಾಷೆಗೆ ರೋಮನ್ ಅಕ್ಷರಗಳನ್ನು ಹೊಂದಿಸಿದರಂತೆ. ಮುಂದೆ ಲೊರೇನ್ ಅವರೇ ಮಿಜೋ ಭಾಷೆಗೆ ನಿಘಂಟು ಮಾಡಿದರು. ಅವರಿಗೂ ಒಬ್ಬ ಕಿಟೆಲ್ ಇದ್ದರು!

‘ಅಣ್ಣ, ಒಬ್ಬ ಜರ್ಮನ್ ಮನುಷ್ಯ ನಮ್ಮ ಛಂದಸ್ಸು ಕಲಿತಿದ್ದಕ್ಕೆ ಕನ್ನಡ ಚಿಕ್ಕದಾಯ್ತಾ?’ ಎಂದು ಕೇಳಿದೆ. ಅವರು ಕೂಡಲೇ ಒಪ್ಪಲಿಲ್ಲ. ಒಂದು ಷರತ್ತು ಹಾಕಿದರು. ಮಿಜೋ ಗೀತೆ ಒಂದು ಹಾಡುವುದಾದರೆ, ರಾಗ ತಾಳ ಇಟ್ಟು ಹಾಡುವ ನಮ್ಮ ಹಳೆಯ ಕನ್ನಡ ಕೀರ್ತನೆಯೊಂದನ್ನು ಅವಳೂ ಕಲಿಯಬೇಕು, ನಾವೂ ಪುಸ್ತಕ ನೋಡದೆ ಕಲಿಯಬೇಕು. ನಮ್ಮಲ್ಲಿ ಎಷ್ಟೋ ಜನಕ್ಕೆ ಆ ಕೀರ್ತನೆ ಬರುತ್ತಿರಲಿಲ್ಲ ಎಂಬುದು ಆಗ ಬಯಲಾಯಿತು.

ಅವಳು ಆರಿಸಿದ ಮಿಜೋ ಗೀತೆ ಕೇಳಿ ನನಗೆ ಮತ್ತೊಂದು ಅಚ್ಚರಿ. ಮಿಜೋ ಜನ ಕಾಲಕ್ರಮೇಣ ಪಾಶ್ಚಾತ್ಯ ರಾಗಗಳನ್ನು ತಮ್ಮ ಗಂಟಲಿಗೆ ಒಗ್ಗಿಸಿಕೊಂಡು, ತಮ್ಮದೇ ದಾಟಿಯ ಗೀತೆಗಳನ್ನೂ ಕಟ್ಟಿದರು. ಎಲ್ಲರೂ ಸೇರಿ ನಿಧಾನವಾಗಿ, ಡೋಲಿನ ಪೆಟ್ಟಿಗೆ ಹಾಡುವ ಈ ಬಗೆಗೆ ‘ಲೆಂಗ್‌ಖಾಮ್ ಜಾಯ್’ ಎನ್ನುತ್ತಾರೆ. ಅದರಲ್ಲಿ ಹೆಚ್ಚಾಗಿ ಐದೇ ಸ್ವರ: ಡೊ ರೆ ಮಿ ಸೊ ಲಾ. ನಮ್ಮ ಕಾಲಂನಲ್ಲಿ ಬರೆದರೆ ಸ ರಿ ಗ ಪ ಧ. ಅಂದರೆ ಮೋಹನ! ಸಂಗೀತ ಪಾಠಕ್ಕೆ ಹೋದ ಮಕ್ಕಳು ಶುರುವಿನಲ್ಲೇ ಗೀತೆ ಕಲಿಯುವ ರಾಗ. ಹಾಡಿನ ನಡಿಗೆ, ಗಮಕ ಎಲ್ಲ ಬೇರೆ. ಆದರೂ ಪರ ಊರಿನ ಬೀದಿಯಲ್ಲಿ ನಮ್ಮೂರಿನವರ ಮುಖ ಕಂಡ ಹಾಗಾಯಿತು. ಕನ್ನಡ ಕೀರ್ತನೆಗೂ ಮೋಹನದ್ದನ್ನೇ ಆರಿಸಿದೆವು. ಅವಳು ಉತ್ಸಾಹದಲ್ಲಿ ಅದಕ್ಕೂ ಆಲ್ಟೊ ಸೇರಿಸಲು ಹೋದಳು. ಎಷ್ಟು ಮಾಡಿದರೂ ಅದು ಅಂಟಲಿಲ್ಲ, ರಾಗ ಎಲ್ಲೋ ಕಳೆದುಹೋಗುತ್ತಿತ್ತು. ‘ಇದಕ್ಕೆ ಬೇಡ ಬಿಡಕ್ಕ, ಎಲ್ಲರ ಜೊತೆ ಒಂದೇ ಹಾಡ್ತೀನಿ’ ಎಂದು ತಾನೇ ಬಿಟ್ಟಳು. ಸೇರಿಸುವುದನ್ನು ಕಲಿತಷ್ಟೇ, ಎಲ್ಲಿ ಸೇರಿಸಬಾರದು ಎಂಬುದನ್ನೂ ಆ ತಿಂಗಳು ಕಲಿತೆವು.

ಸೂರಿಗೆ ತೂಗುಹಾಕಿದ ತಮಟೆ

ಡೋಲಿನ ಮಾತು ಬಂದಾಗ ನಿಜವಾದ ತೊಡಕು ಎದುರಾಯಿತು.

ಮಿಜೋ ಡೋಲಿಗೆ ‘ಖುವಾಂಗ್’ ಎಂದು ಹೆಸರು. ನಮ್ಮಲ್ಲಿ ಅದಿರಲಿಲ್ಲ. ಹುಡುಗರಲ್ಲೊಬ್ಬ, ‘ತಮಟೆ ತರ್ಸೋಣ, ಸಕತ್ತಾಗಿರುತ್ತೆ’ ಎಂದ. ಪ್ರಾಕ್ಟೀಸ್ ನೋಡಲು ಬಂದು ಮೂಲೆಯಲ್ಲಿ ಕೂತಿದ್ದ ದೊಡ್ಡಪ್ಪ ಎದ್ದು, ‘ತಮಟೆ ಬಂದ್ರೆ ನಾನು ಬರಲ್ಲ’ ಎಂದಷ್ಟೇ ಹೇಳಿ ಹೊರಟೇಹೋದರು. ದೊಡ್ಡಪ್ಪ ಎಂದರೆ ನನ್ನ ಸಂಬಂಧಿಯಲ್ಲ. ನಮ್ಮ ಸಭೆಯ ಹಿರಿಯರು, ಎಲ್ಲರಿಗೂ ದೊಡ್ಡಪ್ಪ. ತುಮಕೂರಿನ ಕಡೆಯ ಹಳ್ಳಿಯವರು.

ಮರುದಿನ ಆರಾಧನೆ ಮುಗಿದ ಮೇಲೆ ನಾವಿಬ್ಬರೂ ಅವರ ಬಳಿ ಹೋಗಿ ಕೂತೆವು. ಕ್ಷಮೆ ಕೇಳೋಣ ಎಂದುಕೊಂಡಿದ್ದೆವು. ಅವರು ಬೇರೆಯದೇ ಕಥೆ ಹೇಳಿದರು.

‘ನಮ್ಮಪ್ಪ ತಮಟೆ ಬಡೀತಿದ್ರು ಕಣಮ್ಮ. ಇಷ್ಟಪಟ್ಟು ಅಲ್ಲ, ಬಡೀಲೇಬೇಕಿತ್ತು. ಊರಲ್ಲಿ ಯಾರು ಸತ್ರೂ ಹಟ್ಟಿಗೆ ಹೇಳಿ ಕಳ್ಸೋರು. ಚಟ್ಟದ ಮುಂದೆ ಬಡ್ಕೊಂಡು ಹೋಗ್ಬೇಕು. ಮನೆ ಮುಂದೆ ಬಿಸಿಲಲ್ಲಿ ಕಾಯ್ಬೇಕು. ಜಗಲಿ ಮೇಲೆ ಕೂರಂಗಿಲ್ಲ. ಸಭೆ ಸೇರಿದ ದಿವಸ ತಮಟೆ ತಗೊಂಡು ಸೂರಿಗೆ ತೂಗುಹಾಕಿದ್ರು. ಆಮೇಲೆ ಇಳಿಸ್ಲಿಲ್ಲ. ನನ್ನ ಕೈಗೂ ಕೊಡ್ಲಿಲ್ಲ. ಮಿಷನರಿಗಳು ಬೇಡ ಅಂದ್ರು ಅಂತ ಜನ ಅಂತಾರೆ. ಮಿಷನರಿ ಹೇಳೋಕೆ ಮೊದ್ಲೇ ನಮ್ಮಪ್ಪಂಗೆ ಬೇಡ್ವಾಗಿತ್ತು.’

ನಾನು ಇದನ್ನು ಕಾಲೇಜಿನಲ್ಲಿ ಓದಿದ್ದೆ, ಕೇಳಿದ್ದು ಮೊದಲ ಸಲ. ಅವಳಿಗೆ ಸಾಲು ಸಾಲಾಗಿ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ತನ್ನ ಕಡೆಯದನ್ನು ಹೇಳಿದಳು. ಅವರಲ್ಲೂ ಮೊದಮೊದಲು ಚರ್ಚಿನೊಳಗೆ ಖುವಾಂಗ್‌ಗೆ ಜಾಗವಿರಲಿಲ್ಲ. ಹಳೆಯ ಹಬ್ಬ, ಅಕ್ಕಿಯ ಹೆಂಡ, ಕುಣಿತದ ಜೊತೆಗಿದ್ದ ವಾದ್ಯವೆಂದು ಹೊರಗಿಟ್ಟಿದ್ದರು. 1919ರ ಸುಮಾರಿಗೆ ಎದ್ದ ಭಕ್ತಿಯ ಅಲೆಯ ನಂತರ ಮಿಜೋ ಜನರೇ ಅದನ್ನು ಒಳಗೆ ತಂದರು. ಈಗ ಡೋಲಿಲ್ಲದೆ ಅವರ ಸಭೆಯ ಹಾಡುಗಾರಿಕೆಯೇ ಇಲ್ಲ. ‘ನಮ್ಮಲ್ಲೂ ಸಾವಿನ ಮನೆಯಲ್ಲಿ ಡೋಲು ಇರುತ್ತೆ, ಪು’ ಎಂದಳು. ‘ಪು’ ಎಂಬುದು ಮಿಜೋದಲ್ಲಿ ಹಿರಿಯ ಗಂಡಸರನ್ನು ಗೌರವದಿಂದ ಕರೆಯುವ ಮಾತು. ‘ಯಾರಾದ್ರೂ ಹೋದ್ರೆ ಅಕ್ಕಪಕ್ಕದವರು, ಹುಡುಗ ಹುಡುಗಿಯರು, ಎಲ್ಲ ಆ ಮನೆಗೆ ಹೋಗ್ತಾರೆ. ರಾತ್ರಿ ಹಾಡ್ತಾರೆ. ಮನೆಯವರು ಒಬ್ಬರೇ ಇರಬಾರದು ಅಂತ. ಡೋಲು ಬಾರಿಸೋರು ನಡುವೆ ಕೂರ್ತಾರೆ. ಎಲ್ಲರಿಗೂ ಟೀ ಕೊಡ್ತಾರೆ.’

ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ: ‘ಡೋಲು ಬಾರಿಸೋನನ್ನ ಒಳಗೆ ಕೂರಿಸ್ತಾರಾ?’

ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಒಳಗಲ್ಲದೆ ಇನ್ನೆಲ್ಲಿ ಕೂರಿಸುತ್ತಾರೆ ಎಂಬಂತೆ ನನ್ನ ಮುಖ ನೋಡಿದಳು. ದೊಡ್ಡಪ್ಪನಿಗೆ ಉತ್ತರ ಸಿಕ್ಕಿತ್ತು. ಕಣ್ಣೊರೆಸಿಕೊಂಡು ಎದ್ದರು.

ಈ ಸಂಭಾಷಣೆಯ ನಂತರ ನಾನು ಒಂದಿಷ್ಟು ಓದಿದೆ. ಮದುರೈನ ದೇವಶಾಸ್ತ್ರ ಕಾಲೇಜಿನಲ್ಲಿ ಕಲಿಸುತ್ತಿದ್ದ ಥಿಯೋಫಿಲಸ್ ಅಪ್ಪಾವು ಅವರು, ದಲಿತರ ಪರೈ ವಾದ್ಯವನ್ನೂ ಹಳ್ಳಿಯ ದಾಟಿಗಳನ್ನೂ ಬೇಕೆಂದೇ ಆರಾಧನೆಯೊಳಗೆ ತಂದರು. ಅವಮಾನಕ್ಕೆ ಗುರುತಾದ ವಾದ್ಯವೇ ಬಿಡುಗಡೆಯ ದನಿಯಾಗಲಿ ಎಂಬುದು ಅವರ ಹಟ. ನಮ್ಮಲ್ಲೂ ತಮಟೆಯ ಸ್ಥಾನ ಬದಲಾಗಿದೆ. ಚಳವಳಿಗಳ ಮೆರವಣಿಗೆಯಲ್ಲಿ ಅದರದೇ ಮುಂದಾಳತ್ವ. 2023ರಲ್ಲಿ ತಮಟೆ ಕಲಾವಿದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂತು. ಇದೆಲ್ಲ ದೊಡ್ಡಪ್ಪನಿಗೆ ಹೇಳಿ ಒಪ್ಪಿಸಬೇಕೆಂದು ಒಮ್ಮೆ ಅನಿಸಿತು. ಆದರೆ ಸೂರಿಗೆ ತೂಗುಹಾಕಿದವರು ಅವರಪ್ಪ. ಇಳಿಸುವುದಾದರೆ ಇಳಿಸಬೇಕಾದವರು ಅವರು. ನಾನಲ್ಲ, ಯೂಟ್ಯೂಬ್ ನೋಡಿ ಸಕತ್ತಾಗಿರುತ್ತೆ ಎಂದ ನಮ್ಮ ಹುಡುಗರೂ ಅಲ್ಲ.

ಮುಂದಿನ ಶನಿವಾರ ದೊಡ್ಡಪ್ಪ ತಾವಾಗಿಯೇ ಬಂದರು. ‘ತಮಟೆ ಬೇಡ. ಆ ಮಗು ಢೋಲಕ್ ಬಾರಿಸ್ಲಿ. ಅವರ ಊರಿನ ತರಾನೇ ಬಾರಿಸ್ಲಿ’ ಎಂದರು. ಆಮೇಲೆ, ಯಾರೂ ಕೇಳದಿದ್ದರೂ, ಇನ್ನೊಂದು ಮಾತು ಸೇರಿಸಿದರು. 2012ರ ಆಗಸ್ಟ್‌ನಲ್ಲಿ ಮೊಬೈಲ್ ಸಂದೇಶಗಳ ಗಾಳಿಸುದ್ದಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರಲ್ಲ, ಆ ವಾರದ ನೆನಪು. ‘ಆಗ ನಮ್ಮ ಹಿಂದಿನ ಬೆಂಚಲ್ಲಿ ಮೂರು ಹುಡುಗ್ರು ಕೂರೋರು. ಆ ಭಾನುವಾರ ಬರ್ಲಿಲ್ಲ. ಫೋನ್ ಮಾಡಿ, ಹೆದ್ರಬೇಡ್ರಪ್ಪ, ನಮ್ಮನೆಗೆ ಬಂದಿರಿ ಅನ್ನೋಣ ಅಂದ್ರೆ ಯಾರತ್ರಾನೂ ನಂಬರ್ ಇರ್ಲಿಲ್ಲ. ನಂಬರ್ ಹೋಗ್ಲಿ, ಹೆಸ್ರೇ ಗೊತ್ತಿರ್ಲಿಲ್ಲ. ವರ್ಷಗಟ್ಲೆ ಒಂದೇ ಸೂರಿನ ಕೆಳಗೆ ಹಾಡಿದ್ವಿ.’

ಯಾರೂ ಮಾತಾಡಲಿಲ್ಲ. ಷರತ್ತು ಹಾಕಿದ್ದ ಅಣ್ಣ ಎದ್ದು ಢೋಲಕ್‌ನ ಹಗ್ಗ ಬಿಗಿ ಮಾಡತೊಡಗಿದರು.

ಬೆಂಚಿನ ಮೇಲಿನ ಬೆರಳು

ಸುಗ್ಗಿ ಹಬ್ಬದ ದಿನ ಕುಂಬಳಕಾಯಿ, ಬಾಳೆಗೊನೆ, ರಾಗಿತೆನೆ ಎಲ್ಲ ಮುಂದೆ ಜೋಡಿಸಿತ್ತು. ಮಿಜೋ ಗೀತೆ ಹಾಡಿದೆವು. ಉಚ್ಚಾರಣೆಯಲ್ಲಿ ನಾವೆಷ್ಟು ಕುರಿ ಮಾರಿದೆವೋ ಅವಳಿಗೇ ಗೊತ್ತು, ಅವಳು ನಗಲಿಲ್ಲ. ಹಿಂದಿನ ಬೆಂಚಿನಲ್ಲಿದ್ದ ಅವಳ ಗೆಳತಿಯರು ಎದ್ದು ನಿಂತು ಜೊತೆಗೆ ಹಾಡಿದರು. ಅವರನ್ನು ಆ ದಿನ ಯಾರೂ ‘ಐಟಂ’ಗೆ ಕರೆದಿರಲಿಲ್ಲ.

ಕನ್ನಡ ಕೀರ್ತನೆಯ ಹೊತ್ತಿಗೆ ಎಡವಟ್ಟಾಯಿತು. ಆದಿತಾಳದ ಎರಡನೇ ಆವರ್ತಕ್ಕೇ ಅವಳ ಢೋಲಕ್ ದಾರಿ ತಪ್ಪಿತು. ಅವಳ ಕೈ ಅವರೂರಿನ ನಿಧಾನದ ಪೆಟ್ಟಿಗೆ ಹೋಗುತ್ತಿತ್ತು, ನಮ್ಮ ಬಾಯಿ ಮುಂದೆ ಓಡುತ್ತಿತ್ತು. ಒಂದು ಕ್ಷಣ ಎಲ್ಲ ಚೆಲ್ಲಾಪಿಲ್ಲಿ. ಆಗ ಮೊದಲ ಬೆಂಚಿನಿಂದ ಟಕ್ ಟಕ್ ಎಂದು ಸದ್ದು ಕೇಳಿತು. ದೊಡ್ಡಪ್ಪ ಬೆಂಚಿನ ಮರದ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. ಬರಿಯ ತಾಳ ಎಣಿಸುವವರ ಬೆರಳಲ್ಲ ಅದು. ಪೆಟ್ಟು, ನಡುವೆ ಬಿಡುವು, ಮತ್ತೆ ಎರಡು ಉರುಳು ಪೆಟ್ಟು. ಅವರಪ್ಪ ಅವರ ಕೈಗೆ ತಮಟೆ ಕೊಟ್ಟಿರಲಿಲ್ಲ. ಆದರೆ ಕಿವಿಗೆ ಹೋದದ್ದನ್ನು ಯಾರು ತಡೆಯುತ್ತಾರೆ? ಅವಳು ಅವರ ಬೆರಳು ನೋಡುತ್ತಾ ತಾಳಕ್ಕೆ ಬಂದಳು. ನಾವೂ ಬಂದೆವು.

ಅದಾದ ಮೇಲೂ ದೊಡ್ಡಪ್ಪ ತಮಟೆ ತಂದಿಲ್ಲ. ತರುತ್ತಾರೋ ಇಲ್ಲವೋ ಗೊತ್ತಿಲ್ಲ, ನಾವು ಕೇಳುವುದೂ ಇಲ್ಲ. ಕನ್ನಡ ಆರಾಧನೆ ಈಗಲೂ ಏಳೂವರೆಗೇ. ಹಾಡು ಎಲ್ಲವನ್ನೂ ಸರಿ ಮಾಡುತ್ತದೆ ಎಂದು ನಾನು ಹೇಳುವುದಿಲ್ಲ. ಹಾಡು ಮಾಡಿದ್ದಿಷ್ಟೇ: ವಾರಕ್ಕೆ ಎರಡು ಗಂಟೆ ನಮ್ಮನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಒಬ್ಬರ ತಪ್ಪನ್ನು ಒಬ್ಬರು ತಿದ್ದುವಷ್ಟು ಸಲಿಗೆ ಕೊಟ್ಟಿತು. ಆ ಸಲಿಗೆಯಿಂದಾಗಿ ಒಂದು ವಾದ್ಯ ಒಬ್ಬರಿಗೆ ಸಂಭ್ರಮವಾದರೆ ಇನ್ನೊಬ್ಬರಿಗೆ ಯಾಕೆ ಗಾಯ ಎಂದು ಕೇಳುವ ಧೈರ್ಯ ಬಂತು. ಇನ್ನೊಬ್ಬರ ಹಾಡನ್ನು ಹಾಡುವುದಕ್ಕಿಂತ ಆ ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಕಾಯುವುದೇ ಕಷ್ಟ. ಸಂಬಂಧ ಶುರುವಾಗುವುದೂ ಅಲ್ಲಿಂದಲೇ ಎಂದು ಈಗ ಅನಿಸುತ್ತದೆ.

ನೀವು ಯಾವ ದೇವರ ಮುಂದೆ ಹಾಡುವವರೋ, ಭಜನಾ ಮಂಡಳಿಯೋ, ಕಾಲೇಜಿನ ಬ್ಯಾಂಡೋ ನನಗೆ ಗೊತ್ತಿಲ್ಲ. ಅಲ್ಲೂ ಹಿಂದೆ ಕೂರುವ, ಮುಗಿದೊಡನೆ ಚಪ್ಪಲಿ ಮೆಟ್ಟಿ ಹೊರಡುವ ಯಾರೋ ಇರುತ್ತಾರೆ. ಅವರಿಗೆ ಸ್ಟೇಜ್ ಕೊಡುವ ಮೊದಲು ಹೆಸರು ಕೇಳಿ.

ನಮ್ಮ ಆ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಎರಡು ಕಾಲಂಗಳಿವೆ: ಡೊ ರೆ ಮಿ ಒಂದು ಕಡೆ, ಸ ರಿ ಗ ಇನ್ನೊಂದು ಕಡೆ. ಕೊನೆಯ ಪುಟದಲ್ಲಿ ಈಗ ಮೂರು ಕಾಲಂಗಳಿವೆ: ಹೆಸರು, ಊರು, ಫೋನ್ ನಂಬರ್. ಹಿಂದಿನ ಬೆಂಚಿನ ಹನ್ನೊಂದು ಜನರದ್ದೂ ಅದರಲ್ಲಿದೆ. ಬರೆಸಿದವರು ದೊಡ್ಡಪ್ಪ.